ಪೆಡಲ್ ಮೆತ್ತಗಿದ್ದ ಕಾರು

ಆ ಕಾರು ನನ್ನ ಗ್ಯಾರೇಜಿಗೆ ಬಂದಾಗ ಅದಕ್ಕೆ ಐವತ್ತು ವರ್ಷ ದಾಟಿತ್ತು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಟಾಪಿಲ್ಲ. ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗಿದ್ದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಅದು. ಊಟಿಯ ಎಸ್ಟೇಟೊಂದರ ಷೆಡ್ಡಿನಲ್ಲಿ ಕೋಳಿ ಮಲಗುವ ಜಾಗವಾಗಿ ಬಿದ್ದಿದ್ದನ್ನು ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವರ ಮಗ ಲಾರಿಗೆ ಹೇರಿಸಿಕೊಂಡು ತಂದಿದ್ದ. ಹಳೇ ಎಂಜಿನ್ ತೆಗೆಸಿ ಜಪಾನಿನ ಎಂಜಿನ್ ಕೂರಿಸಿ, ಕೆಂಪು ಬಣ್ಣ ಹೊಡೆಸಿದ್ದ. ಕೊಯಮತ್ತೂರಿನ ಹತ್ತಿರದ ಟ್ರ್ಯಾಕಿನಲ್ಲಿ ಹಳೇ ಕಾರುಗಳ ರೇಸಿಗೆ ಹೆಸರು ಕೊಟ್ಟಿದ್ದ. ಇನ್ನು ಮೂರು ವಾರವಿತ್ತು.

"ಅಣ್ಣ, ಓಡೋಕೆ ಎಲ್ಲಾ ಆಗದೆ. ನಿಲ್ಲೋಕೆ ನೀವ್ ಮಾಡಿಕೊಡ್ಬೇಕು" ಅಂದ.

ನಾನು ಹೆದ್ದಾರಿಯ ಪಕ್ಕದಲ್ಲಿ ಲಾರಿ, ಪಿಕಪ್, ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಇಂಥ ಕಾರನ್ನು ಮುಟ್ಟಿಯೇ ಇರಲಿಲ್ಲ. ಆದರೂ ಒಪ್ಪಿಕೊಂಡೆ. ಅವನು ನಮ್ಮ ಜನ, ಅವನ ಬಳಗದ ಟ್ರ್ಯಾಕ್ಟರುಗಳೆಲ್ಲ ನನ್ನ ಹತ್ತಿರವೇ ಬರುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಆ ಕಾರು ಬಾಗಿಲಲ್ಲಿ ನಿಂತ ದಿನ ಎದುರಿನ ಟೀ ಅಂಗಡಿಯಿಂದ ಜನ ಗ್ಲಾಸು ಹಿಡಿದುಕೊಂಡೇ ಎದ್ದು ಬಂದರು. ಅದು ನನಗೆ ಹಿಡಿಸಿತು.

ಗ್ಯಾರೇಜಿನಲ್ಲಿ ನನ್ನ ಜೊತೆ ಇದ್ದವರು ಮೇಸ್ತ್ರಿ ಒಬ್ಬರೇ. ಭೀಮನಬೀಡಿನವರು, ಅರವತ್ತೈದು ದಾಟಿದವರು. ಅವರ ಅಪ್ಪ ನಮ್ಮಂಥವರ ಹೊಲಗಳಲ್ಲಿ ಕೂಲಿ ಮಾಡಿದವನು. ಇವರು ಮೈಸೂರಿಗೆ ಹೋಗಿ ಲಾರಿ ಬ್ರೇಕಿನ ಕೆಲಸ ಕಲಿತು ಬಂದಿದ್ದರು. ನನಗೆ ಈ ಕಸುಬು ಹೇಳಿಕೊಟ್ಟವರೂ ಅವರೇ. ಗ್ಯಾರೇಜು ನನ್ನದಾದ ಮೇಲೆ ದಿನಗೂಲಿಗೆ ನನ್ನ ಹತ್ತಿರವೇ ಉಳಿದಿದ್ದರು. ಗಿರಾಕಿಗಳಿದ್ದಾಗ ನನ್ನನ್ನು "ಸ್ವಾಮಿ" ಅನ್ನುತ್ತಿದ್ದರು, ಇಬ್ಬರೇ ಇದ್ದಾಗ "ಮಗ" ಅನ್ನುತ್ತಿದ್ದರು. ನಾನು ಅವರನ್ನು ಮೇಸ್ತ್ರಿ ಅನ್ನುತ್ತಿದ್ದೆ, ಆದರೆ ಏಕವಚನದಲ್ಲಿಯೇ ಮಾತಾಡಿಸುತ್ತಿದ್ದೆ. ಕಲಿಯುವಾಗಲೂ ಹಾಗೆಯೇ. ಅದು ತಪ್ಪು ಅಂತ ಆಗ ನಮ್ಮಿಬ್ಬರಿಗೂ ಅನ್ನಿಸಿರಲಿಲ್ಲ.

ಕೆಲಸ ಹಂಚಿಕೊಂಡೆವು. ಕಾರಿನ ತೂಕ ಇಳಿಸಲು ಎಡಗಡೆಯ ಸೀಟು, ಕಾರ್ಪೆಟ್ಟು, ಹೀಟರು ಎಲ್ಲ ಕಿತ್ತೆವು. ಕಾರು ಪಲ್ಟಿಯಾದರೆ ತಲೆ ಉಳಿಯಲಿ ಅಂತ ಒಳಗೆ ಕಬ್ಬಿಣದ ಪೈಪಿನ ಪಂಜರ ಬೆಸುಗೆ ಹಾಕಿಸಿದೆವು. ಮುಂದಿನ ಚಕ್ರಗಳ ಹಳೇ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಬೇಕಿತ್ತು. ಅದರ ಕ್ಯಾಲಿಪರುಗಳನ್ನು, ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಭಾಗಗಳನ್ನು, ಬೇರೊಂದು ಕಾರಿನಿಂದ ತರಿಸಿದ್ದೆವು. ಮೇಸ್ತ್ರಿಗೆ ಕಣ್ಣಿಗೆ ಪೊರೆ ಬಂದಿತ್ತು, ಮಂಡಿ ಮಡಚಿ ಕೂರಲು ಆಗುತ್ತಿರಲಿಲ್ಲ. ಹಾಗಾಗಿ ಕ್ಯಾಲಿಪರುಗಳನ್ನು ನಾನು ಕೂರಿಸಿದೆ. ಪೆಡಲಿನಿಂದ ಆಯಿಲನ್ನು ಚಕ್ರಗಳಿಗೆ ನೂಕುವ ಮಾಸ್ಟರ್ ಸಿಲಿಂಡರನ್ನು ಅವರು ಬೆಂಚಿನ ಮೇಲಿಟ್ಟುಕೊಂಡು, ಬಿಚ್ಚಿ, ಹೊಸ ರಬ್ಬರು ಹಾಕಿ ಜೋಡಿಸಿದರು.

ಆಯಿಲ್ ತುಂಬಿ, ಪೈಪುಗಳಲ್ಲಿದ್ದ ಗಾಳಿ ತೆಗೆಯಲು ಕೂತೆವು. ಮೇಸ್ತ್ರಿ ಪೆಡಲಿನ ಮೇಲೆ, ನಾನು ಚಕ್ರದ ಹತ್ತಿರ. ನಾನು "ಒಡಿ" ಅಂದರೆ ಅವರು ಪೆಡಲ್ ಹೊಡೆಯಬೇಕು, "ಇಡ್ಕೊ" ಅಂದರೆ ಒತ್ತಿ ಹಿಡಿಯಬೇಕು. ಆಗ ನಾನು ಗಾಳಿ ಬಿಡಲೆಂದೇ ಕ್ಯಾಲಿಪರಿನಲ್ಲಿರುವ ಪುಟ್ಟ ತಿರುಪು, ಅಂದರೆ ನಿಪ್ಪಲ್ ಸಡಿಲಿಸಿ, ಗುಳ್ಳೆಯ ಜೊತೆ ಆಯಿಲನ್ನು ಬಾಟಲಿಗೆ ಬಿಡುತ್ತಿದ್ದೆ. ಗುಳ್ಳೆ ಬರುವುದು ನಿಂತಿತು. ಆದರೂ ಪೆಡಲ್ ಮೆತ್ತಗೆ ಅರ್ಧಕ್ಕೆ ಹೋಗುತ್ತಿತ್ತು. ಎರಡು ಸಲ ಹೊಡೆದರೆ ಮೂರನೆಯ ಸಲಕ್ಕೆ ಗಟ್ಟಿಯಾಗುತ್ತಿತ್ತು. ಒಂದು ನಿಮಿಷ ಬಿಟ್ಟರೆ ಮತ್ತೆ ಮೆತ್ತಗೆ.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಪಾದದಿಂದಲೇ ಅದನ್ನು ನೋಡುವವರ ಹಾಗೆ ನಿಧಾನವಾಗಿ ಒತ್ತಿದರು.

"ಒಡುದ್ರೆ ಗಟ್ಟಿ ಆಯ್ತದೆ, ಬುಟ್ರೆ ಇಳೀತದೆ. ಗಾಳಿ ಕಣ ಮಗ. ಎಲ್ಲೋ ಕುಂತದೆ."

"ಗುಳ್ಳೆನೇ ಬತ್ತಿಲ್ಲ."

"ಬರ್‍ದೆ ಇರೋ ಕಡೆ ಕುಂತದೆ."

ಮಾರನೆಯ ದಿನ ಒಂದೊಂದೇ ಚಕ್ರದ ರಬ್ಬರ್ ಪೈಪನ್ನು ಇಕ್ಕಳದಲ್ಲಿ ಒತ್ತಿ ಮುಚ್ಚಿ ನೋಡಿಸಿದರು. ಮುಂದಿನ ಎರಡನ್ನೂ ಮುಚ್ಚಿದಾಗ ಪೆಡಲ್ ಕಲ್ಲಿನ ಹಾಗಾಯಿತು. ಬಿಟ್ಟ ಕೂಡಲೇ ಮೆತ್ತಗಾಯಿತು. ಅಂದರೆ ಅವರು ಮಾಡಿದ ಸಿಲಿಂಡರ್ ಸರಿಯಾಗಿತ್ತು. ತೊಂದರೆ ಇದ್ದದ್ದು ಮುಂದಿನ ಚಕ್ರಗಳಲ್ಲಿ, ನನ್ನ ಕೆಲಸದಲ್ಲಿ.

"ಕ್ಯಾಲಿಪರ್ ಸರ್‍ಯಾಗ್ ಕೂರ್ಸಿದ್ದೀಯಾ, ಒಂದ್ಸಲ ನೋಡು" ಅಂದರು.

ಟೀ ಅಂಗಡಿಯ ಇಬ್ಬರು ಅಲ್ಲೇ ನಿಂತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು. "ನಿಂಗೆ ಎದುರ್‍ಗಿರೋ ಸ್ಪ್ಯಾನರ್ ಕಾಣಲ್ಲ. ನನ್ನ ಕೆಲ್ಸ ನೋಡಕ್ಕೆ ಬತ್ತೀಯ? ಮೊದ್ಲು ನಿನ್ನ ಸಿಲಿಂಡರ್ ಬಿಚ್ಚು" ಅಂದೆ.

ಅವರು ಸಿಲಿಂಡರ್ ಬಿಚ್ಚಿದರು. ಸರಿಯಾಗಿದ್ದುದನ್ನು ಆ ವಾರ ಮೂರು ಸಲ ಬಿಚ್ಚಿ ಜೋಡಿಸಿದರು. ಬ್ರೇಕ್ ಆಯಿಲ್ ತಗುಲಿ ಅವರ ಬೆರಳ ತುದಿಗಳು ಬಿಳುಚಿ ಸಿಪ್ಪೆ ಎದ್ದಿದ್ದವು. ನಾನು ನೋಡುತ್ತಿದ್ದೆ.

ಕಾರಿನವನು ಬಂದು ಪೆಡಲ್ ತುಳಿದ. ಮುಖ ಕೆಂಪಾಯಿತು. "ಏನಣ್ಣ ಇದು, ಹತ್ತು ದಿನ ಆಯ್ತು" ಅಂದ. "ಸಿಲಿಂಡರ್ ಮೇಸ್ತ್ರಿ ಮಾಡಿದ್ದು" ಅಂದೆ. ಅದು ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಅವನು ಮೇಸ್ತ್ರಿಯ ಕಡೆ ತಿರುಗಿ, "ಎತ್ತಿನ ಗಾಡಿ ಅಂದ್ಕೊಂಡಿದ್ದೀಯೇನಯ್ಯ?" ಅಂದ. ನಿಂತವರು ನಕ್ಕರು. ಮೇಸ್ತ್ರಿ, "ಇಲ್ಲ ಬುದ್ಧಿ, ಇನ್ನೊಂದ್ಸಲ ನೋಡ್ತೀನಿ" ಅಂದರು. ಕ್ಯಾಲಿಪರಿನ ವಿಷಯ ಎತ್ತಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ, ಗ್ಯಾರೇಜಿನಲ್ಲಿ ಯಾರೂ ಇಲ್ಲದಾಗ, ಬಲಗಡೆಯ ಚಕ್ರ ಬಿಚ್ಚಿ ಟಾರ್ಚ್ ಹಿಡಿದು ಕೂತೆ. ಗಾಳಿ ಹೊರಬಿಡುವ ನಿಪ್ಪಲ್ ಕ್ಯಾಲಿಪರಿನ ತಳಭಾಗದಲ್ಲಿತ್ತು. ಹತ್ತು ಸಲ ಅದನ್ನೇ ಸಡಿಲಿಸಿ ಬಿಗಿದಿದ್ದೆ, ಒಂದು ಸಲವೂ ಯೋಚಿಸಿರಲಿಲ್ಲ. ಗಾಳಿ ಯಾವಾಗಲೂ ಮೇಲೇರುತ್ತದೆ. ಕೆಳಗಿನ ತೂತಿನಿಂದ ಎಷ್ಟು ಆಯಿಲ್ ಬಿಟ್ಟರೂ ಮೇಲಿನ ಗಾಳಿ ಅಲ್ಲೇ ಉಳಿಯುತ್ತದೆ. ನಿಪ್ಪಲ್ ಮೇಲೆ ಇರಬೇಕಿತ್ತು. ಎಡಗಡೆಯ ಕ್ಯಾಲಿಪರನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ನಾನು ಕೂರಿಸಿದ್ದೆ. ಎರಕದ ಮೇಲೆ ಎಡ ಬಲದ ಗುರುತೂ ಇತ್ತು. ಕೂರಿಸುವಾಗ ಫೋನಿನಲ್ಲಿ ಯಾರಿಗೋ ಈ ಕಾರಿನ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದದ್ದು ನೆನಪಾಯಿತು.

ಅರ್ಧ ಗಂಟೆಯ ಕೆಲಸ. ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋದಾಗ ಸದ್ದಿಲ್ಲದೆ ಬದಲಾಯಿಸಿ, ಏನೋ ಮಾಡಿ ಸರಿಮಾಡಿದೆ ಅಂದರಾಯಿತು ಅಂದುಕೊಂಡೆ. ಚಕ್ರ ವಾಪಸು ಹಾಕಿ ಕೈ ಒರೆಸಿಕೊಂಡೆ. ಅಷ್ಟರಲ್ಲಿ ಮೇಸ್ತ್ರಿ ಬಂದರು. ಅವರ ಹಿಂದೆಯೇ ಕಾರಿನವನೂ ಮೂವರು ಗೆಳೆಯರ ಜೊತೆ ಬಂದುಬಿಟ್ಟ.

"ಇವತ್ತು ಓಡ್ಸಿ ನೋಡ್ಬೇಕು. ನಡೀರಿ ಓಗನ" ಅಂದ.

"ಸಂಜೆಗೆ ಇಟ್ಕೊಳನ, ಸ್ವಲ್ಪ ಕೆಲ್ಸ ಅದೆ" ಅಂದೆ.

"ಅವತ್ತಿಂದ್ಲೂ ಅದೇ ಹೇಳ್ತಿದ್ದೀರಿ" ಅಂದ. ಪೆಡಲ್ ಎರಡು ಮೂರು ಸಲ ಹೊಡೆದು ನೋಡಿದ. ಗಟ್ಟಿಯಾಯಿತು. "ಹಿಡೀತದಲ್ಲ" ಅಂದ.

ಬೇಗೂರಿನ ರಸ್ತೆಯ ಕಡೆ ಹೊಸದಾಗಿ ಮಾಡಿದ್ದ ಬಡಾವಣೆ ಒಂದಿತ್ತು. ಡಾಂಬರು ರಸ್ತೆ, ಚರಂಡಿ ಎಲ್ಲ ಆಗಿತ್ತು, ಮನೆ ಒಂದೂ ಎದ್ದಿರಲಿಲ್ಲ. ಅಲ್ಲಿಗೆ ಹೋದೆವು. ಅವನು ಹೆಲ್ಮೆಟ್ ಹಾಕಿ, ನಾಲ್ಕು ಪಟ್ಟಿಯ ಬೆಲ್ಟ್ ಬಿಗಿದುಕೊಂಡು ಕೂತ. ಆಮೇಲೆ ಮೇಸ್ತ್ರಿಯ ಕಡೆ ನೋಡಿದ.

"ನೀನು ಮಾಡಿದ ಬ್ರೇಕ್ ತಾನೆ? ಹತ್ತು."

ಎಡಗಡೆ ಸೀಟೇ ಇರಲಿಲ್ಲ. ಬರೀ ತಗಡು. ಗೆಳೆಯರು ನಗತೊಡಗಿದರು. ಒಬ್ಬ ಫೋನ್ ತೆಗೆದು ವೀಡಿಯೊ ಮಾಡತೊಡಗಿದ.

"ಬ್ಯಾಡಿ ಬುದ್ಧಿ, ಮಂಡಿ ಮಡ್ಚಕ್ಕಾಗಲ್ಲ" ಅಂದರು ಮೇಸ್ತ್ರಿ.

"ನಿನ್ ಕೆಲ್ಸದ ಮೇಲೆ ನಿಂಗೇ ನಂಬ್ಕೆ ಇಲ್ವೇನಯ್ಯ?"

ಮೇಸ್ತ್ರಿ ನನ್ನ ಕಡೆ ನೋಡಿದರು. ನನಗೆ ಎಲ್ಲ ಗೊತ್ತಿತ್ತು. ಬಿಸಿಯಾದರೆ ಆ ಗಾಳಿ ಹಿಗ್ಗುತ್ತದೆ, ಪೆಡಲ್ ತಳಕ್ಕೆ ಹೋಗುತ್ತದೆ ಅಂತ ಗೊತ್ತಿತ್ತು. ತಪ್ಪು ನನ್ನದು, ಇಳೀರಿ ಅಂದಿದ್ದರೆ ಸಾಕಿತ್ತು. ಹಾಗಂದಿದ್ದರೆ ಫೋನ್ ಹಿಡಿದವನು ನನ್ನ ಮುಖವನ್ನೇ ವೀಡಿಯೊ ಮಾಡುತ್ತಿದ್ದ. ಮೇಸ್ತ್ರಿ ಹೇಳಿದ್ದೇ ಸರಿಯಾಗಿತ್ತಲ್ಲ ಅನ್ನುವ ಉರಿಯೂ ಒಳಗೆ ಇತ್ತು. "ಓಗು ಮೇಸ್ತ್ರಿ, ಒಂದು ರೌಂಡ್ ತಾನೆ" ಅಂದೆ. ಕಾರಿನವನಿಗೆ ಮಾತ್ರ, "ನಿಧಾನಕ್ಕೆ, ಎರಡ್ಸಲ ಹೊಡ್ದು ಹಿಡೀರಿ" ಅಂದೆ.

ಮೇಸ್ತ್ರಿ ಹೆಲ್ಮೆಟ್ಟಿಲ್ಲದೆ, ಬೆಲ್ಟಿಲ್ಲದೆ, ಕಾಲು ಉದ್ದಕ್ಕೆ ಚಾಚಿ ತಗಡಿನ ಮೇಲೆ ಕೂತು, ಬಾಗಿಲ ಕಡೆ ವಾಲಿ, ಅಲ್ಲಿದ್ದ ಪಂಜರದ ಪೈಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮೊದಲ ಸುತ್ತು ನಿಧಾನವಾಗಿಯೇ ಹೋಯಿತು. ಎರಡನೆಯದರಲ್ಲಿ ಅವನು ಬೇಕೆಂದೇ ಕೊನೆಯ ಗಳಿಗೆಯಲ್ಲಿ ಬ್ರೇಕ್ ಹಿಡಿದ. ಮೇಸ್ತ್ರಿ ಮುಂದಕ್ಕೆ ಜಾರಿ ತಲೆ ತಗುಲಿಸಿಕೊಂಡರು, ಗೆಳೆಯರು ಕೇಕೆ ಹಾಕಿದರು. ಮೂರನೆಯ ಸುತ್ತಿಗೆ ತಿರುವಿನಲ್ಲಿ ಕಾರು ನಿಲ್ಲಲಿಲ್ಲ. ಚಕ್ರ ಉಜ್ಜಿದ ಸದ್ದೇ ಬರಲಿಲ್ಲ. ನೇರ ಹೋಗಿ ಚರಂಡಿ ಹಾರಿ ಜಲ್ಲಿ ರಾಶಿಗೆ ನುಗ್ಗಿತು.

ಕಾರಿನವನಿಗೆ ಒಂದು ಗೀರೂ ಆಗಿರಲಿಲ್ಲ. ಇಳಿದು ಬಂದು ಮೊದಲು ನೋಡಿದ್ದು ಕಾರಿನ ಮೂತಿಯನ್ನು. ಮೇಸ್ತ್ರಿಯ ಬಲಗೈ ಪೈಪಿಗೂ ಒಳಕ್ಕೆ ಮಡಚಿದ ಬಾಗಿಲಿಗೂ ನಡುವೆ ಸಿಕ್ಕಿಕೊಂಡಿತ್ತು. ನಾನು ಕಬ್ಬಿಣದ ಸಲಾಕೆ ಹಾಕಿ ಬಾಗಿಲು ಎತ್ತಿದೆ. ಮಣಿಕಟ್ಟು ಮುರಿದಿತ್ತು, ಎರಡು ಬೆರಳು ಚಪ್ಪಟೆಯಾಗಿದ್ದವು. ಅವರು ಕಿರುಚಲಿಲ್ಲ. ಹಲ್ಲು ಕಚ್ಚಿಕೊಂಡು ಆ ಕೈಯನ್ನು ಬೇರೆಯವರ ಕೈಯ ಹಾಗೆ ನೋಡುತ್ತಿದ್ದರು.

"ನಿನ್ ಬ್ರೇಕ್ ನಿಂಗೇ ಕೊಟ್ಟದೆ ನೋಡು" ಅಂದ ಕಾರಿನವನು.

ಪಿಕಪ್ಪಿನಲ್ಲಿ ಕೂರಿಸಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕೈಗೆ ನನ್ನ ಟವೆಲ್ ಸುತ್ತಿದ್ದೆವು. ದಾರಿಯುದ್ದಕ್ಕೂ ಎರಡೂ ಕಡೆ ಚೆಂಡು ಹೂವಿನ ಹೊಲಗಳು ಅರಳಿದ್ದವು. ಅರ್ಧ ದಾರಿಯಲ್ಲಿ ಮೇಸ್ತ್ರಿ ಕೇಳಿದರು.

"ಗಾಳಿ ಎಲ್ಲಿ ಕುಂತಿತ್ತು ಮಗ?"

"ಗೊತ್ತಿಲ್ಲ ಮೇಸ್ತ್ರಿ" ಅಂದೆ.

ಅವರು ಯೋಚನೆ ಮಾಡುತ್ತಲೇ ಇದ್ದರು. "ಸಿಲಿಂಡರ್ ರಬ್ಬರು ನಾನೇನಾದ್ರು ತಿರುಗ್ಸಿ ಹಾಕ್ಬುಟ್ನೊ ಏನೊ. ಕಣ್ಣು ಕಾಣಲ್ಲ ನೋಡು" ಅಂದರು. ನಾನು ಗೇರ್ ಬದಲಾಯಿಸಿ ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದೆ.

ಮಾರನೆಯ ದಿನ ಕ್ಯಾಲಿಪರುಗಳನ್ನು ಅದಲು ಬದಲು ಮಾಡಿದೆ. ಪೆಡಲ್ ಮೊದಲನೆಯ ಒತ್ತಿಗೇ ಗೋಡೆಯ ಹಾಗೆ ನಿಂತಿತು. ಕಾರಿನ ಮೂತಿ ತಟ್ಟಿಸಿ ಬಣ್ಣ ಹೊಡೆಸಿದರು. ರೇಸಿನ ದಿನ ಟ್ರ್ಯಾಕಿನಲ್ಲಿ ನಾನೂ ಇದ್ದೆ. ಪರೀಕ್ಷೆ ಮಾಡುವವರು ಬ್ರೇಕ್ ನೋಡಿ ತಲೆಯಾಡಿಸಿದರು. ಅವನು ಗೆಲ್ಲಲಿಲ್ಲ, ಆದರೆ ಪೂರ್ತಿ ಓಡಿಸಿದ. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡ. "ಮುದುಕನ ಕೈ ತೆಗೆದ್ಮೇಲೆ ಬ್ರೇಕ್ ಸರಿ ಆಯ್ತು" ಅಂತ ಗೆಳೆಯರಿಗೆ ಹೇಳಿದ. ಅವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಯಾರೂ ನನ್ನಿಂದ ಬಲವಂತವಾಗಿ ತೆಗೆಸಲಿಲ್ಲ.

ನಾಲ್ಕು ತಿಂಗಳು ಮೇಸ್ತ್ರಿಯ ಮನೆಯ ಕಡೆ ತಲೆ ಹಾಕಲಿಲ್ಲ. ಒಂದು ದಿನ ಲಾರಿ ಡ್ರೈವರೊಬ್ಬ, "ನಿಮ್ ಮೇಸ್ತ್ರಿ ಬಸ್ಸಲ್ಲಿ ಸಿಕ್ಕಿದ್ರು. ಯಾವ ರಬ್ಬರ್ ತಪ್ಪಾಗಿ ಹಾಕ್ದೆ ಅಂತ ಈಗ್ಲೂ ಲೆಕ್ಕ ಹಾಕ್ತಾವ್ರೆ" ಅಂತ ನಗುತ್ತ ಹೇಳಿದ. ಆ ದಿನ ಮಧ್ಯಾಹ್ನವೇ ಭೀಮನಬೀಡಿಗೆ ಹೋದೆ.

ಮೇಸ್ತ್ರಿ ಜಗುಲಿಯ ಮೇಲೆ ಕೂತಿದ್ದರು. ಎರಡು ಬೆರಳು ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದವು. ಹೆಂಡತಿ ಒಳಗೆ ಅವರೆಕಾಯಿ ಬಿಡಿಸುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ: ನಿಪ್ಪಲ್ ಕೆಳಗಿತ್ತು, ಕ್ಯಾಲಿಪರ್ ಅದಲು ಬದಲಾಗಿತ್ತು, ಕೂರಿಸಿದ್ದು ನಾನು.

ಮೇಸ್ತ್ರಿ ಸ್ವಲ್ಪ ಹೊತ್ತು ಗಾಳಿಯಲ್ಲಿ ಎಡಗೈಯಿಂದ ಕ್ಯಾಲಿಪರನ್ನು ತಿರುಗಿಸಿ ನೋಡಿದ ಹಾಗೆ ಮಾಡಿದರು. "ಊಂ, ಹಂಗಾದ್ರೆ ಬರಲ್ಲ ಗುಳ್ಳೆ" ಅಂದರು. ಆ ಕ್ಷಣ ಅವರ ಮುಖದಲ್ಲಿ ನೆಮ್ಮದಿ ಇತ್ತು. ಆಮೇಲೆ ಕೇಳಿದರು:

"ನಿಂಗೆ ಯಾವತ್ತು ಗೊತ್ತಾಯ್ತು?"

ಆಮೇಲೆ ಗೊತ್ತಾಯ್ತು ಅನ್ನಬಹುದಿತ್ತು. ಅದನ್ನು ಹೇಳಲೆಂದೇ ದಾರಿಯಲ್ಲಿ ತಯಾರಾಗಿ ಬಂದಿದ್ದೆ. ಬಾಯಿಂದ ಬಂದದ್ದು ಮಾತ್ರ, "ಅವತ್ತು ಬೆಳಿಗ್ಗೆ."

ಒಳಗೆ ಕಾಯಿ ಬಿಡಿಸುವ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನಿಂತರು. "ಊಟಕ್ಕೆ ನಾನೇ ಕಲ್ಸಿ ಬಾಯಿಗಿಕ್ಬೇಕು ಈಗ. ಹತ್ಬೇಡ ಅಂತ ಒಂದ್ ಮಾತು ಅನ್ನಕ್ಕೆ ನಿಮ್ಗೆ ಬಾಯಿರ್‍ನಿಲ್ವ?" ಅಂದರು. ದನಿ ಏರಿಸಲಿಲ್ಲ. ಮೇಸ್ತ್ರಿ ನನ್ನ ಕಡೆ ನೋಡದೆ, "ಅವ್ನ ಮುಂದೆ ಹೇಳು. ನಂಗಲ್ಲ" ಅಂದರು. ಕೂತುಕೋ ಅನ್ನಲಿಲ್ಲ.

ಮರುದಿನ ಮಂಡಿಗೆ ಹೋದೆ. ಕಾರಿನವನು ಮೂಟೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ. ಹಮಾಲಿಗಳ ಎದುರಿಗೇ ಹೇಳಿದೆ. ಅವನು ಕೇಳಿಸಿಕೊಂಡು, ಫೋನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅವತ್ತೇ ಹೇಳಿದ್ರೆ ನಿಮ್ಮನ್ನೇ ಕೂರಿಸ್ತಿದ್ದೆ ಅಣ್ಣ" ಅಂದ. ಆಮೇಲೆ, "ಅದಿರ್ಲಿ, ಹಿಂದಿನ ಡ್ರಮ್ಮು ಸದ್ದು ಮಾಡ್ತದೆ. ಮುಂದಿನ ತಿಂಗ್ಳು ಮತ್ತೆ ರೇಸದೆ. ನಾಳೆ ಕಳಿಸ್ಲಾ?" ಅಂದ.

ಕಳಿಸಿ ಅಂದೆ. ಬಂತು. ಮಾಡಿಕೊಟ್ಟೆ.

ಆ ಕಾರು ಇನ್ನೂ ನನ್ನ ಗ್ಯಾರೇಜಿನಲ್ಲಿರುವಾಗಲೇ ಮೇಸ್ತ್ರಿಯ ಹೆಂಡತಿ ಬಸ್ಸಿನಲ್ಲಿ ಬಂದರು. ಬೆಂಚಿನ ಕೆಳಗಿದ್ದ ಗಂಡನ ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ, ಸೀರೆಯ ಸೆರಗಿನಲ್ಲಿ ಒರೆಸಿ, ಗೋಣಿಚೀಲಕ್ಕೆ ಹಾಕಿಕೊಂಡರು. ಬೇಗೂರಿನಲ್ಲಿ ಪಂಕ್ಚರ್ ಅಂಗಡಿಯವನೊಬ್ಬ ಅವುಗಳನ್ನು ಕೊಂಡುಕೊಳ್ಳಲು ಒಪ್ಪಿದ್ದಾನೆ ಅಂದರು. ಚೀಲ ಭಾರವಾಗಿತ್ತು. ಬಸ್ ಸ್ಟಾಪಿನವರೆಗೆ ತಂದುಕೊಡುತ್ತೇನೆ ಅಂತ ಕೈ ಚಾಚಿದೆ. ಅವರು ಚೀಲವನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡು, ಕೆಂಪು ಕಾರಿನ ಪಕ್ಕದಿಂದ ಸುತ್ತಿ ಹೊರಗೆ ಹೋದರು.