ಕುರುಗೋಡಿನ ಕಾರ್ನರ್ ಗೋಲು

ಭಾನುವಾರ ಬೆಳಗಿನ ಅಭ್ಯಾಸ ಮುಗಿದ ಮೇಲೆ ಬಳ್ಳಾರಿಯ ನಮ್ಮ ಫುಟ್‌ಬಾಲ್ ತಂಡದ ಹಳೆಯ ಅಭಿಮಾನಿಗಳು ಮೈದಾನದ ಸಿಮೆಂಟ್ ಮೆಟ್ಟಿಲ ಮೇಲೆ ಕುಳಿತು ಮಾತಿನಲ್ಲೇ ತಮ್ಮದೊಂದು ತಂಡ ಕಟ್ಟುತ್ತಾರೆ. ಅದಕ್ಕೆ ಇರುವುದು ಒಂದೇ ನಿಯಮ: ನಮ್ಮನ್ನು ಬಿಟ್ಟು ಹೋದವರು ಮಾತ್ರ ಅದರಲ್ಲಿರಬೇಕು. ಪೊಲೀಸ್ ತಂಡ ಸೇರಿದ ಗೋಲ್ ಕೀಪರ್, ಗೋವಾ ಕಡೆ ಹೋಗಿ ಮತ್ತೆ ಈ ಕಡೆ ಮುಖ ಹಾಕದ ಸೆಂಟರ್ ಫಾರ್ವರ್ಡ್, ಮಿಲಿಟರಿಗೆ ಹೋದ ಇಬ್ಬರು ಅಣ್ಣತಮ್ಮಂದಿರು. ಹನ್ನೊಂದು ಜಾಗಕ್ಕೆ ಇಪ್ಪತ್ತು ಜನ ಇರುವುದರಿಂದ ವಾದ ಮುಗಿಯುವುದಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಪೊಟ್ಟಣ ಬಿಚ್ಚುವಾಗ ಶುರುವಾಗಿ, ಬಿಸಿಲಿಗೆ ಮೆಟ್ಟಿಲು ಕಾದು ಕೂರಲಾಗದೆ ಎದ್ದಾಗ ನಿಲ್ಲುತ್ತದೆ.

ಎಡ ವಿಂಗ್ ಜಾಗದ ಬಗ್ಗೆ ಮಾತ್ರ ವಾದವಿಲ್ಲ. ಅದು ಕೆಂಚನಗುಡ್ಡದಿಂದ ಬಂದ ಒಬ್ಬನದು. ತುಂಗಭದ್ರೆಯ ಮರಳಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು. ಚೆಂಡು ಅವನ ಎಡಗಾಲನ್ನು ಬಿಟ್ಟು ಕದಲುತ್ತಿರಲಿಲ್ಲ. ನಮ್ಮ ತಂಡಕ್ಕೆ ಎರಡು ವರ್ಷ ಆಡಿದ. ಮೂರನೆಯ ಮಳೆಗಾಲದ ಹೊತ್ತಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿ ಬೇರೆ ರಾಜ್ಯಕ್ಕೆ ಹೋದ. ಅವನು ಬಿಟ್ಟ ಜಾಗದಲ್ಲಿ ಮುಂದಿನ ಎಂಟು ವರ್ಷ ಆಡಿದವನು ನಾನು. ಕೊನೆಕೊನೆಗೆ ಬೆಳಿಗ್ಗೆ ಅಭ್ಯಾಸ ಮುಗಿಸಿ ಪತ್ರಿಕೆಯ ಜಿಲ್ಲಾ ಕಚೇರಿಗೆ ಹೋಗುತ್ತಿದ್ದೆ. ಆಟ ಬಿಟ್ಟ ಮೇಲೆ ಪೂರ್ತಿ ವರದಿಗಾರನಾದೆ. ಬಳ್ಳಾರಿ ಬಿಡಲಿಲ್ಲ, ಭಾನುವಾರದ ಮೆಟ್ಟಿಲೂ ಬಿಡಲಿಲ್ಲ. ಹಾಗಾಗಿ ಆ ಹನ್ನೊಂದರಲ್ಲಿ ನನಗೆ ಜಾಗ ಇಲ್ಲ.

ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಬರೆಯುವ ಅಗತ್ಯವಿಲ್ಲ. ನಾನು ಒಳ್ಳೆಯ ಪಾಸ್ ಕೊಟ್ಟರೆ ಮೈದಾನದ ಅಂಚಿನಿಂದ "ಅವನ ಹಂಗಽ ಕೊಟ್ಟ್ಯಲ್ಲೋ" ಎನ್ನುತ್ತಿದ್ದರು. ಕೆಟ್ಟ ಪಾಸ್ ಕೊಟ್ಟರೆ ಅವನು ಇದ್ದಿದ್ದರೆ ಎಂದು ನಿಟ್ಟುಸಿರು ಬಿಡುತ್ತಿದ್ದರು. ಅವನ ಹನ್ನೊಂದನೇ ನಂಬರಿನ ಅಂಗಿಯನ್ನು ನನಗೆ ಕೊಡಲಿಲ್ಲ. ಬ್ರೂಸ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇರುವ, ತಂಡಕ್ಕೆ ಅಂಗಿ ಹೊಲಿಸಿ ಕೊಡುತ್ತಿದ್ದ ಹಿರಿಯರೊಬ್ಬರು ಅದನ್ನು ಮಡಿಸಿ ತಮ್ಮ ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲಿಟ್ಟರು. ನಾವೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತೇವೆ. ನನಗೆ ಹದಿನೇಳನೇ ನಂಬರು ಬಂತು. ಎಂಟು ವರ್ಷ ಅದೇ ಹಾಕಿಕೊಂಡೆ. ನನ್ನ ಆ ಅಂಗಿ ಈಗ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇಷ್ಟನ್ನು ನಾನು ಸಹಿಸಿಕೊಂಡಿದ್ದೆ. ಸಹಿಸಲಾಗದಿದ್ದುದು ಕುರುಗೋಡಿನ ಗೋಲು.

ಅದನ್ನು ಹೇಳುವವನು ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಮೆಕ್ಯಾನಿಕ್. ನನ್ನದೇ ವಯಸ್ಸು. ಭಾನುವಾರ ಮೊದಲ ಬಸ್ಸಿಗೆ ಬಳ್ಳಾರಿಗೆ ಬರುತ್ತಾನೆ. ಕುರುಗೋಡಿನಲ್ಲಿ ಗುಡ್ಡದ ಬುಡದ ಮೈದಾನ, ಟೂರ್ನಮೆಂಟಿನ ಕೊನೆಯ ಪಂದ್ಯ, ಎದುರಿಗೆ ಸಿರುಗುಪ್ಪದ ತಂಡ. ತನ್ನ ಊರಿನ ತಂಡ ಬಿಟ್ಟು ನಮ್ಮ ಕಡೆ ಕೂಗಿದ್ದಕ್ಕೆ ಅವನಿಗೆ ವರ್ಷವಿಡೀ ಊರಲ್ಲಿ ಬೈಗುಳ ಬಿದ್ದಿತ್ತಂತೆ. ಪಂದ್ಯ ಮುಗಿಯಲು ಸ್ವಲ್ಪವೇ ಹೊತ್ತು ಇದ್ದಾಗ ನಮಗೆ ಎಡಗಡೆ ಕಾರ್ನರ್ ಸಿಕ್ಕಿತು. ಮೆಕ್ಯಾನಿಕ್ ಇಲ್ಲಿಗೆ ಬಂದಾಗ ಎದ್ದು ನಿಲ್ಲುತ್ತಾನೆ. ಅವನ ಕಥೆಯಲ್ಲಿ ಕೆಂಚನಗುಡ್ಡದವನು ಬಾಗಿ ಒಂದು ಚಿಟಿಕೆ ಮಣ್ಣು ತೆಗೆದು ಗಾಳಿಗೆ ಬಿಡುತ್ತಾನೆ, ಅದು ಯಾವ ಕಡೆ ಹೋಗುತ್ತದೆಂದು ನೋಡುತ್ತಾನೆ, ಮೂರು ಹೆಜ್ಜೆ ಹಿಂದೆ ಸರಿಯುತ್ತಾನೆ, ಹೊಡೆಯುತ್ತಾನೆ. ಚೆಂಡು ಮೈದಾನದ ಹೊರಗೆ ಹೋದಂತೆ ಕಂಡು, ಗುಡ್ಡದಿಂದ ಇಳಿದ ಗಾಳಿಗೆ ತಿರುಗಿ, ಕೀಪರ್ ತಲೆಯ ಮೇಲಿಂದ ನೇರ ಬಲೆಗೆ.

ಆ ಗೋಲು ನನ್ನದು. ಅವನು ರೈಲ್ವೆ ಸೇರಿ ಆಗಲೇ ಒಂದು ವರ್ಷವಾಗಿತ್ತು.

ಮೊದಮೊದಲು ಒಂದೆರಡು ಸಲ ತಿದ್ದಲು ನೋಡಿದೆ. ಮೆಕ್ಯಾನಿಕ್ ಬಿಟ್ಟುಕೊಡಲಿಲ್ಲ. "ಲೇ ಪೇಪರ್‌ನವನ, ನಾ ಗೋಲಿನ ಹಿಂದಽ ನಿಂತಿದ್ನಿ. ನನ್ನ ಕಣ್ಣಿಗಿಂತ ನಿನ್ನ ಪೇಪರ್ ದೊಡ್ಡದೇನು?" ಎಂದ. ಎಲ್ಲರೂ ನಕ್ಕರು. ಸ್ವಂತ ಗೋಲಿಗೆ ತಾನೇ ಸಾಕ್ಷಿ ಹೇಳುವುದು ನನಗೂ ನಾಚಿಕೆ ಅನಿಸಿತು. ತಿದ್ದುವುದನ್ನು ಬಿಟ್ಟೆ. ಆಮೇಲೆ ಹನ್ನೆರಡು ಹದಿಮೂರು ವರ್ಷ ಆ ಕಥೆಯನ್ನು ಪಕ್ಕದಲ್ಲೇ ಕುಳಿತು ಕೇಳಿದ್ದೇನೆ.

ಈ ಬೇಸಿಗೆಯಲ್ಲಿ ಕೆಂಚನಗುಡ್ಡದವನು ನೆಂಟರ ಮದುವೆಗೆ ಸಿರುಗುಪ್ಪಕ್ಕೆ ಬರುತ್ತಾನೆಂದು ಸುದ್ದಿಯಾಯಿತು. ಮೆಟ್ಟಿಲ ಮೇಲೆ ಎರಡು ಭಾನುವಾರ ಬೇರೆ ಮಾತೇ ಇಲ್ಲ. ಅವನ ಬಗ್ಗೆ ಪತ್ರಿಕೆಯಲ್ಲಿ ಒಂದು ಲೇಖನ ಬರಲೇಬೇಕೆಂದು ಸಾವ್ಕಾರ್ರು ಹಟ ಹಿಡಿದರು. ಬರೆಯಬೇಕಾದವನು ನಾನು. ಒಪ್ಪಿಕೊಂಡೆ. ಒಪ್ಪಿಕೊಂಡ ಕಾರಣ ಅಷ್ಟು ಶುದ್ಧವಾದುದಲ್ಲ. ನಮ್ಮಲ್ಲಿ ಬರೆಯುವ ಮೊದಲು ಪ್ರತಿಯೊಂದು ಸಂಗತಿಯನ್ನೂ ಪರಿಶೀಲಿಸಬೇಕು. ಈ ಸಲ ನಾನು ಪರಿಶೀಲಿಸುವುದನ್ನು ನೋಡಿ ಯಾರೂ ನಗುವಂತಿರಲಿಲ್ಲ.

ಸಿರುಗುಪ್ಪದಲ್ಲಿ ಮದುವೆಯ ಹಿಂದಿನ ದಿನ ಅವನನ್ನು ಕಂಡೆ. ನೆಂಟರ ಮನೆಯ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಮೈ ದಪ್ಪಗಾಗಿದೆ, ತಲೆಗೂದಲು ಅರ್ಧ ಹೋಗಿದೆ. ಅದನ್ನು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ನನ್ನನ್ನು ಗುರುತಿಸಲಿಲ್ಲ. ಗುರುತಿಸಲು ಕಾರಣವೂ ಇರಲಿಲ್ಲ. ನಾವು ಒಟ್ಟಿಗೆ ಆಡಿದವರಲ್ಲ. ಚಹಾ ತರಿಸಿದ, ನಯವಾಗಿ ಮಾತಾಡಿದ. ಮೊಣಕಾಲು ಪೆಟ್ಟಾಗಿ ನಾಲ್ಕೇ ವರ್ಷಕ್ಕೆ ಆಟ ನಿಂತಿತಂತೆ. ಅಲ್ಲಿ ಕಚೇರಿಯಲ್ಲಿ ತಾನು ಆಡುತ್ತಿದ್ದೆ ಎಂದು ಈಗ ಯಾರಿಗೂ ಗೊತ್ತೇ ಇಲ್ಲವಂತೆ. ಇದನ್ನು ದೂರಿನಂತೆ ಹೇಳಲಿಲ್ಲ.

ಕುರುಗೋಡಿನ ಗೋಲಿನ ಬಗ್ಗೆ ಕೇಳಿದೆ. ಅವನು ನಕ್ಕ.

"ಫೋನ್ ಮಾಡಿದಾಗೆಲ್ಲ ಸಿರುಗುಪ್ಪದ ಗಿರಣಿ ದೋಸ್ತ ಅದನ್ನಽ ಹೇಳ್ತಾನ್ರಿ. ನನಗ ಖರೇ ನೆಪ್ಪಿಲ್ಲ. ಅಷ್ಟು ಮಂದಿ ಹೇಳ್ತಾರಂದ್ರ ಹೊಡದಿರಬೇಕು."

ಆಮೇಲೆ ತಾನಾಗಿಯೇ ಕೇಳಿದ: "ನಾ ಹೋದ ಮ್ಯಾಲ ಎಡಗಡಿ ಯಾರು ಆಡಿದ್ರಿ?"

"ಊರಿನವನೊಬ್ಬ ಆಡಿದ" ಎಂದೆ. ಅವನು ತಲೆಯಾಡಿಸಿದ, ಮುಂದೆ ಕೇಳಲಿಲ್ಲ. ನಾನು ಟಿಪ್ಪಣಿ ಪುಸ್ತಕ ಮುಚ್ಚಿದೆ. ಹೇಳಬಹುದಿತ್ತು. ಅವನ ಬಾಯಿಂದ "ಹೌದೇನ್ರಿ, ನೀವಽ ಏನು" ಎಂಬ ಮರ್ಯಾದೆಯ ಮಾತು ಕೇಳಲು ನನಗೆ ಇಷ್ಟವಿರಲಿಲ್ಲ.

ಮರುದಿನ ಕುರುಗೋಡಿಗೆ ಹೋದೆ. ಆ ಪಂದ್ಯಕ್ಕೆ ರೆಫ್ರಿ ಆಗಿದ್ದವರು ಅಲ್ಲಿನ ಡ್ರಿಲ್ ಮಾಸ್ತರು. ನಿವೃತ್ತರಾಗಿ ಮನೆಯಲ್ಲಿದ್ದಾರೆ. ತಾವು ಸೀಟಿ ಊದಿದ ಪ್ರತಿ ಪಂದ್ಯವನ್ನೂ ಅವರು ಶಾಲೆ ಮಕ್ಕಳ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ: ತಂಡ, ಗೋಲು, ನಿಮಿಷ, ಎಚ್ಚರಿಕೆ ಪಡೆದವರ ಹೆಸರು. ಪುಸ್ತಕ ಹುಡುಕುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಪುಟ ಸಿಕ್ಕಿದಾಗ ಬೆರಳಿಟ್ಟು ತೋರಿಸಿದರು. ನನ್ನ ಹೆಸರು, ಹದಿನೇಳನೇ ನಂಬರು, ಎಡ ಕಾರ್ನರ್. ನೀಲಿ ಶಾಯಿ ಸ್ವಲ್ಪ ಹರಡಿತ್ತು, ಆದರೆ ಓದಲು ತೊಂದರೆ ಇರಲಿಲ್ಲ.

ನನ್ನ ಮುಖದಲ್ಲಿ ಏನು ಕಂಡಿತೋ, ಮಾಸ್ತರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಚಂದ ನೆಪ್ಪೈತಿ ನನಗ. ನೀ ಗೋಲಿಗೆ ಹೊಡದಿದ್ದಿಲ್ಲಪ. ಸೆಂಟರ್ ಫಾರ್ವರ್ಡ್ ತಲಿಗೆ ಹಾಕಾಕ ಹೋಗಿದ್ದಿ. ಗಾಳಿ ಒಳಗ ಒಯ್ತು."

ಅದು ನಿಜ. ಹೆಚ್ಚು ಹೇಳುವುದೇನೂ ಇಲ್ಲ. ಚೆಂಡು ಬಲೆಗೆ ಬಿದ್ದಾಗ ನಾನು ನಮ್ಮ ಸೆಂಟರ್ ಫಾರ್ವರ್ಡ್ ಯಾಕೆ ಜಿಗಿಯಲಿಲ್ಲ ಎಂದು ಅವನನ್ನು ಬೈಯಲು ಬಾಯಿ ತೆರೆದಿದ್ದೆ. ಆದರೂ ಗೋಲು ಗೋಲೇ, ಹೊಡೆದವನ ಹೆಸರಿಗೇ ಅದು ಸೇರುವುದು. ಪುಟದ ಫೋಟೊ ತೆಗೆದುಕೊಂಡೆ.

ಲೇಖನವನ್ನು ಒಂದೇ ಸಲಕ್ಕೆ ಕೂತು ಬರೆದೆ. ಅವನ ಡ್ರಿಬ್ಲಿಂಗ್ ಬಗ್ಗೆ, ಎರಡು ವರ್ಷಗಳಲ್ಲಿ ಅವನು ಗೆಲ್ಲಿಸಿಕೊಟ್ಟ ಪಂದ್ಯಗಳ ಬಗ್ಗೆ ಬರೆಯಬೇಕಾದುದನ್ನೆಲ್ಲ ಬರೆದೆ. ಜಿಪುಣತನ ಮಾಡಲಿಲ್ಲ. ಕೊನೆಗೆ ಒಂದು ಸಾಲು ಸೇರಿಸಿದೆ: ಕುರುಗೋಡಿನ ಮೈದಾನದಲ್ಲಿ ಕಾರ್ನರ್‌ನಿಂದ ನೇರ ಬಂದ ಗೋಲು ಅವರದೆಂದು ಅಭಿಮಾನಿಗಳು ಹೇಳುವುದುಂಟು, ಅದು ಅವರದಲ್ಲ.

ಸಂಜೆ ಡೆಸ್ಕಿನಿಂದ ಫೋನ್ ಬಂತು. ಕೆಲಸಕ್ಕೆ ಸೇರಿ ವರ್ಷವೂ ಆಗದ ಉಪಸಂಪಾದಕಿ. ಅವರದಲ್ಲ ಎಂದ ಮೇಲೆ ಯಾರದು ಎಂದು ಓದುಗರು ಕೇಳುತ್ತಾರಲ್ಲ ಸರ್, ಹೆಸರು ಕೊಡಿ ಅಥವಾ ಸಾಲು ತೆಗೆಯುತ್ತೇನೆ ಎಂದಳು. ಸರಿಯಾದ ಪ್ರಶ್ನೆ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಇಷ್ಟು ವರ್ಷಗಳಲ್ಲಿ ನನ್ನ ವರದಿಯೊಳಗೆ ನನ್ನ ಹೆಸರು ಒಮ್ಮೆಯೂ ಬಂದಿಲ್ಲ. ಬರಬಾರದು ಎಂದು ಹೊಸಬರಿಗೆ ಹೇಳಿಕೊಟ್ಟವನೂ ನಾನೇ. ಆದರೂ ಹೆಸರು ಹೇಳಿದೆ.

"ನೀವೇನಾ ಸರ್?"

"ಹೌದು."

"ದಾಖಲೆ ಇದೆಯಾ?"

ಫೋಟೊ ಕಳಿಸಿದೆ. ಆ ಸಾಲಿಗೆ ನನ್ನ ಹೆಸರು ಸೇರಿ ಲೇಖನ ಶನಿವಾರ ಅಚ್ಚಾಯಿತು.

ಮದುವೆ ಮುಗಿದು ಅವನು ಆಗಲೇ ಹೊರಟು ಹೋಗಿದ್ದ. ರಜೆ ಇರಲಿಲ್ಲವಂತೆ, ಬಳ್ಳಾರಿಗೆ ಬರಲಾಗಲಿಲ್ಲ. ಹಾಗಾಗಿ ಭಾನುವಾರ ಮೆಟ್ಟಿಲ ಮೇಲೆ ನಾವೇ ನಾವು. ಸಾವ್ಕಾರ್ರು ಪತ್ರಿಕೆ ಬಿಚ್ಚಿ ಎಲ್ಲರಿಗೂ ಓದಿದರು. ಕೊನೆಯ ಸಾಲಿಗೆ ಬಂದಾಗ ನಿಲ್ಲಿಸಿ, ಮತ್ತೊಮ್ಮೆ ತಮಗೆ ತಾವೇ ಓದಿಕೊಂಡು, ಪತ್ರಿಕೆ ಮಡಿಸಿ ನನ್ನ ಕೈ ಕುಲುಕಿದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೇಳಿದ್ದೆ ಎಂದು ನಾನು ಹೇಳಲಿಲ್ಲ.

ಮೆಕ್ಯಾನಿಕ್ ನನ್ನ ಫೋನ್ ಇಸಿದುಕೊಂಡು ನೋಟ್‌ಬುಕ್ಕಿನ ಪುಟವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದ. ಮಾಸ್ತರು ಬರೆದಿದ್ದಾರೆಂದರೆ ಮುಗಿಯಿತು ಎಂದ. ಫೋನ್ ತಿರುಗಿ ಕೊಡುವಾಗ ಕೇಳಿದ:

"ಮಣ್ಣು ತೂರಿ ನೋಡಿದ್ದು?"

"ಇಲ್ಲ."

"ಗಾಳಿ ನೋಡಿದ್ದರ?"

"ಅದೂ ಇಲ್ಲ. ಸೆಂಟರ್ ಫಾರ್ವರ್ಡ್‌ಗೆ ಹಾಕಿದ್ನಿ."

"ಹಂಗಾರ ಮಾಸ್ತರು ಗಾಳಿ ಹೆಸರು ಬರೀಬೇಕಿತ್ತಲೇ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ನಗುವಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಅದು ಸಣ್ಣ ತಮಾಷೆ, ಅಲ್ಲಿಗೇ ಮುಗಿಯಿತು.

ಅದರ ಮುಂದಿನ ಭಾನುವಾರ ಆ ಗೋಲಿನ ಮಾತು ಬರಲಿಲ್ಲ. ಅದರ ಮುಂದಿನದರಲ್ಲೂ ಬರಲಿಲ್ಲ. ಮೂರನೆಯ ಸಲ ನಾನು ಗಮನವಿಟ್ಟು ಕಾದೆ. ಎಡ ವಿಂಗ್ ಜಾಗಕ್ಕೆ ಬಂದಾಗ ಅವನ ಹೆಸರು ಹೇಳಿದರು, ರಾರಾವಿಯ ಹತ್ತಿರ ಒಂದು ಊರಿನಲ್ಲಿ ಅವನು ನಾಲ್ಕು ಜನರನ್ನು ದಾಟಿ ಹೋದದ್ದನ್ನು ನೆನೆದರು, ಕುರುಗೋಡಿನ ಬಳಿ ಬಂದಾಗ ಮೆಕ್ಯಾನಿಕ್ ನನ್ನ ಕಡೆ ಒಮ್ಮೆ ನೋಡಿ ಬಲ ವಿಂಗ್ ಮಾತಿಗೆ ಹಾರಿದ. ನನಗೆ ಅರ್ಥವಾಯಿತು. ಗೋಲು ಈಗ ನನ್ನದು. ನಾನು ಬಿಟ್ಟು ಹೋದವನಲ್ಲವಾದ್ದರಿಂದ ಅದಕ್ಕೆ ಈ ಮೆಟ್ಟಿಲ ಮೇಲೆ ಜಾಗವಿಲ್ಲ. ಯಾರೂ ಕೂತು ಇದನ್ನು ತೀರ್ಮಾನಿಸಿರಲಿಲ್ಲ. ಪ್ರತಿ ವಾರ ಎದುರಿಗೆ ಕುಳಿತು ಮಿರ್ಚಿ ತಿನ್ನುವವನನ್ನು ಯಾರು ನೆನೆಯುತ್ತಾರೆ?

ನಾಲ್ಕನೆಯ ಭಾನುವಾರ ನಾನೇ ಕೇಳಿದೆ.

"ಲೇ, ಕುರುಗೋಡಿನ ಗೋಲು ಹೇಳು."

"ನಿಂದೇನು?" ಎಂದ ಮೆಕ್ಯಾನಿಕ್. ಅವನಿಗೆ ಸಂಕೋಚವಾದಂತಿತ್ತು. "ಅದರಾಗೇನೈತಿ ಹೇಳಾಕ? ಕ್ರಾಸ್ ಹಾಕಿದಿ, ಒಳಗ ಹೋತು."

"ಹಂಗಲ್ಲ. ಮೊದಲ ಹೇಳ್ತಿದ್ಯಲ್ಲ, ಹಂಗ ಹೇಳು."

"ಅವನ ಹೆಸರಲೇನು?"

"ಹೂಂ. ಅವನ ಹೆಸರಲೇ."

ಮೆಕ್ಯಾನಿಕ್ ಸಾವ್ಕಾರ್ರ ಮುಖ ನೋಡಿದ. ಅವರು ಕಾಲು ಮಡಚಿ ಜಾಗ ಮಾಡಿಕೊಟ್ಟರು. ಅವನು ಎದ್ದು ನಿಂತ. ಮೊದಲ ಎರಡು ಮಾತು ತಡವರಿಸಿದವು, ಆಮೇಲೆ ದಾರಿ ಸಿಕ್ಕಿತು. ಗುಡ್ಡದ ನೆರಳು ಅರ್ಧ ಮೈದಾನ ದಾಟಿತು, ತನ್ನ ಊರಿನವರು ತನ್ನನ್ನು ಬೈದರು, ಕೆಂಚನಗುಡ್ಡದವನು ಕಾರ್ನರ್‌ಗೆ ನಡೆದು ಹೋದ. ಮಣ್ಣಿಗೆ ಬಾಗಿದ. ಅವನು ಮೂರು ಹೆಜ್ಜೆ ಹಿಂದೆ ಸರಿದಾಗ ನಾನೂ ಉಳಿದವರ ಹಾಗೆ ಮುಂದೆ ಬಾಗಿ ಕುಳಿತಿದ್ದೆ. ಚೆಂಡು ಹೊರಗೆ ಹೋಯಿತು ಎನ್ನುವಾಗ ತಿರುಗಿತು, ಕೀಪರ್ ಕೈ ಮೇಲೆತ್ತಿದ, ತಡವಾಗಿತ್ತು. ಹಾಗೆ ಗಾಳಿಯನ್ನು ಓದಿ ಹೊಡೆದವನು ಎಷ್ಟು ದೊಡ್ಡ ಆಟಗಾರನಾಗಿರಬೇಕು ಎಂದುಕೊಂಡೆ, ಮತ್ತೆ ನನ್ನ ಹೊಟ್ಟೆ ಉರಿಯಿತು.