ಚಪ್ಪಲಿ ಬಿಟ್ಟು ಹತ್ತಿದ ಗಾಡಿ

ನಮ್ಮ ಲಿಂಗಪ್ಪಣ್ಣನ ಹಳೆಯ ಜೀಪಿಗೆ ಬಾಗಿಲಿರಲಿಲ್ಲ. ಇದ್ದ ಎರಡನ್ನೂ ಅವನೇ ಬಿಚ್ಚಿ ಕೊಟ್ಟಿಗೆಗೆ ಎಸೆದಿದ್ದ. ಹತ್ತುವವರ, ಇಳಿಯುವವರ ಕಾಟಕ್ಕೆ ಬಾಗಿಲು ತೆಗೆದು ಮುಚ್ಚಿ ಸಾಕಾಗಿತ್ತಂತೆ. ಪಾಳ್ಯದ ಕಡೆಯಿಂದ ಆಲೂರಿಗೆ ಹೊರಟರೆ ಮೆಣಸಿನ ಮೂಟೆ, ಕೋಳಿ, ಬಸುರಿ ಹೆಂಗಸು, ಆಸ್ಪತ್ರೆಗೆ ಹೋಗುವ ಮುದುಕರು, ಎಲ್ಲ ಅದರಲ್ಲೇ. ಏರಿನಲ್ಲಿ ಚಕ್ರ ಹೂತರೆ ಗಂಡಸರು ತಾವಾಗಿಯೇ ಇಳಿದು ತಳ್ಳಿ, ಕೆಸರುಗಾಲಲ್ಲೇ ಮತ್ತೆ ಹತ್ತುತ್ತಿದ್ದರು. ಊರಿಗೆಲ್ಲ ಅದು ‘ನಮ್ ಜೀಪು’. ನಾನೂ ಅದರ ಹಿಂದೆ ಜೋತುಬಿದ್ದು ಶಾಲೆಗೆ ಹೋದವನೇ. ಆ ಡೀಸೆಲ್ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಆ ಜೀಪು ನೆನಪಾಗಿ ಸಂಕಟವಾಗುತ್ತದೆ.

ಲಿಂಗಪ್ಪಣ್ಣ ಮಾತ್ರ ಬೈದುಕೊಂಡೇ ಓಡಿಸುತ್ತಿದ್ದ. ಜೀಪು ಇಟ್ಟವನಿಗೆ ಸ್ವಂತ ಬದುಕಿಲ್ಲ, ಊರ ಚಾಕರಿಯೇ ಆಯಿತು ಎಂದು ದಿನಾ ಗೊಣಗಾಟ. ಕೊನೆಗೆ ಸೊಂಟ ಕೈಕೊಟ್ಟಿತು. ಮಗಳು ಕೃತಿಕಾ ಹಟ ಹಿಡಿದು ಜೀಪು ಮಾರಿಸಿ, ಎತ್ತರದ ಬಿಳಿ ಎಸ್‌ಯುವಿ ತರಿಸಿದಳು.

ಸುಳ್ಳೇಕೆ ಹೇಳಲಿ, ಗಾಡಿ ಚೆನ್ನಾಗಿತ್ತು. ಎಂಥ ಏರನ್ನೂ ದಮ್ಮು ಕಟ್ಟದೆ ಹತ್ತುತ್ತಿತ್ತು. ಮಳೆನೀರು ಒಳಗೆ ಬರುತ್ತಿರಲಿಲ್ಲ, ಸೊಂಟನೋವೂ ಇಳಿಯಿತು. ಡೀಸೆಲ್ ಕುಡಿಯುವುದು ಜಾಸ್ತಿ, ತೋಟದ ದಾರಿಯಲ್ಲಿ ಕನ್ನಡಿ ಬೇಲಿಗೆ ಉಜ್ಜುತ್ತಿತ್ತು, ಬೆಲ್ಟ್ ಹಾಕದಿದ್ದರೆ ಕುಂಯ್ ಕುಂಯ್ ಎಂದು ಪ್ರಾಣ ತಿನ್ನುತ್ತಿತ್ತು. ಇದೆಲ್ಲವನ್ನೂ ಅವನು ಸಹಿಸಿಕೊಂಡ. ಸಹಿಸಲಾಗದ್ದು ಒಂದೇ: ದಾರಿಯಲ್ಲಿ ಯಾರೂ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಅವನೇ ನಿಲ್ಲಿಸಿ ಕರೆದರೂ, ಬಸ್ಸು ಬರುತ್ತದೆ ಬಿಡಿ ಎನ್ನುತ್ತಿದ್ದರು. ಬೈಯಲು ಜನವಿಲ್ಲದೆ ಲಿಂಗಪ್ಪಣ್ಣ ಸೊರಗಿಹೋದ.

ಒಂದು ದಿನ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಪಕ್ಕದ ಮನೆಯ ದೇವೀರಮ್ಮನನ್ನು ಬಲವಂತವಾಗಿ ಹತ್ತಿಸಿಕೊಂಡ. ಮುದುಕಿ ಕಾಲು ಮುದುರಿಕೊಂಡು ಸೀಟಿನ ಅಂಚಿನಲ್ಲೇ ಕುಳಿತಿದ್ದಳು. ಆಲೂರಿನಲ್ಲಿ ಇಳಿದಾಗ ನೋಡಿದರೆ ಬರಿಗಾಲು.

“ನಿಮ್ ಕಾರು ಗಲೀಜಾಗ್ಬಾರ್ದು ಅಂತ ಚಪ್ಲಿ ಅಲ್ಲೇ ಬಿಟ್ಬುಟ್ಟೆ ಕಣಪ್ಪ,” ಎಂದಳು.

ಮರಳಿ ಬಂದಾಗ ರಸ್ತೆಯ ಅಂಚಿನಲ್ಲಿ, ಯಾರದೋ ಮನೆಯ ಬಾಗಿಲಲ್ಲಿ ಬಿಟ್ಟ ಹಾಗೆ, ಆ ಜೋಡಿ ನೀಟಾಗಿ ಕೂತಿತ್ತು. ‘ನಿಮ್’ ಎಂಬ ಮಾತು ಲಿಂಗಪ್ಪಣ್ಣನಿಗೆ ಚುಚ್ಚಿತು. ಅವತ್ತು ಅವನು ಊಟ ಸರಿಯಾಗಿ ಮಾಡಲಿಲ್ಲ.

ಮುಂದಿನ ಸಂತೆಯ ದಿನ ಸೀಟುಗಳ ಮೇಲೆ ಕಾಫಿ ತುಂಬುವ ಹಳೇ ಗೋಣಿಚೀಲ ಹಾಸಿದ. ಗದ್ದೆಗಿಳಿದು, ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಬಂದು ಗಾಡಿ ಹತ್ತಿದ. ಕೃತಿಕಾ ಅಂಗಳದಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದಳು. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ದೇವೀರಮ್ಮ ಚಪ್ಪಲಿ ಬಿಡಲು ಬಗ್ಗಿದಳು. ಅವನ ಕಾಲು ಕಂಡಿತು. ಚಪ್ಪಲಿ ಕಾಲಲ್ಲೇ ಹತ್ತಿ ಕೂತು, ಹಿಂದೆ ನಿಂತವರನ್ನು ಕೂಗಿದಳು:

“ಬರ್ರೋ, ನಮ್ ಜೀಪು ಬಂದೈತೆ.”

ಕೋಳಿ ಸಮೇತ ಜನ ನುಗ್ಗಿದರು. ಬೆಲ್ಟಿನ ಕುಂಯ್ ಕುಂಯ್ ಶುರುವಾಯಿತು. ಲಿಂಗಪ್ಪಣ್ಣ ಕಣ್ಣೊರೆಸಿಕೊಂಡು, ನನಗೇನು ಬೇರೆ ಕೆಲಸ ಇಲ್ಲವಾ, ಬೇಗ ಹತ್ತಿ ಎಂದು ಎಲ್ಲರಿಗೂ ಸರಿಯಾಗಿ ಬೈದ.