ನೇರಳೆ ಬಣ್ಣದ ಹೆಬ್ಬೆರಳು

ಕಳೆದ ಶುಕ್ರವಾರ ಸಾರಿನ ಪುಡಿಗೆ ಕೊತ್ತಂಬರಿ ಹುರಿಯುತ್ತಿದ್ದೆ. ಘಮ ಎದ್ದ ಕೂಡಲೇ ಕೈ ತಾನಾಗಿ ಒಂದು ಹಿಡಿ ಪಕ್ಕಕ್ಕೆ ತೆಗೆದಿಟ್ಟಿತು. ಎದುರು ಮನೆಯ ಟೀಚರಿಗೆ... ಅವರು ಹೋಗಿ ಎಷ್ಟು ಕಾಲವಾಯಿತು! ಕೈಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಮಕ್ಕಳೇ, ನಿಮಗೆ ಅವರ ನೆನಪು ಅಷ್ಟಾಗಿ ಇರಲಿಕ್ಕಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮಪ್ಪ ನನ್ನನ್ನು ಗಲ್ಫಿಗೆ, ರುಮೈಥಿಯಾದ ಈ ಮನೆಗೆ ಕರೆತಂದರು. ಬಾಗಿಲು ತೆರೆದರೆ ಕಾಣುತ್ತಿದ್ದ ಮೊದಲ ಮುಖ ಅವರದು. ಎತ್ತರದ ಬಿಳಿಯ ಹೆಂಗಸು, ದಕ್ಷಿಣ ಆಫ್ರಿಕಾದವರು. ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅವರಿಗೂ ಗಂಡ ಇರಲಿಲ್ಲ. ಲಿಫ್ಟಿನಲ್ಲಿ ಜನ ಕಂಡರೆ ಮೆಟ್ಟಿಲು ಹಿಡಿಯುತ್ತಿದ್ದ ನನ್ನನ್ನು ಅವರೇ ಮಾತನಾಡಿಸಿದರು. ಕಾರಣ ಈ ಕೊತ್ತಂಬರಿಯ ವಾಸನೆ.

ನಾವು ಮೀನು ಒಣಗಿಸುವ ಹಾಗೆ ಅವರು ಮಾಂಸದ ಪಟ್ಟಿಗಳಿಗೆ ಉಪ್ಪು, ವಿನೆಗರ್, ಹುರಿದ ಕೊತ್ತಂಬರಿ ಸವರಿ ಬಾಲ್ಕನಿಯಲ್ಲಿ ನೇತುಹಾಕುತ್ತಿದ್ದರು. ನಾನು ಅದನ್ನು ತಿನ್ನಲಿಲ್ಲ. ಆದರೆ ಕೊತ್ತಂಬರಿ ಹುರಿಯುವ ಕೆಲಸ ನನ್ನದಾಯಿತು. ನನ್ನ ಹರಕು ಇಂಗ್ಲಿಷಿಗೆ ಅವರು ಎಂದೂ ನಗಲಿಲ್ಲ. ಅರ್ಥವಾಗದಿದ್ದರೆ ಇನ್ನೊಮ್ಮೆ, ನಿಧಾನವಾಗಿ ಹೇಳುತ್ತಿದ್ದರು, ಶಾಲೆಯ ಮಗುವಿಗೆ ಹೇಳಿದ ಹಾಗೆ.

ಅವರ ಮನೆಮಾತು ಆಫ್ರಿಕಾನ್ಸ್. ನೂರಾರು ವರ್ಷಗಳ ಹಿಂದೆ ಯುರೋಪಿನಿಂದ ಹೋಗಿ ಆಫ್ರಿಕಾದಲ್ಲಿ ನೆಲೆ ನಿಂತ ಆಫ್ರಿಕಾನರ್ ಎಂಬ ಬಿಳಿಯರಲ್ಲಿ ಅವರೂ ಒಬ್ಬರು. ಆ ದೇಶದಲ್ಲಿ ಅವರ ಜನ ಕಡಿಮೆ. ತಮ್ಮ ಭಾಷೆ, ಶಾಲೆ, ಹೊಲಗಳ ಪರವಾಗಿ ಮಾತನಾಡಲು ಅವರಿಗೊಂದು ಪುಟ್ಟ ರಾಜಕೀಯ ಪಕ್ಷ ಇತ್ತು. ಎಷ್ಟು ಪುಟ್ಟದೆಂದರೆ, ಗೆಲ್ಲುವ ಮಾತನ್ನು ಅವರೇ ಆಡುತ್ತಿರಲಿಲ್ಲ. ಆದರೂ ಚುನಾವಣೆ ಬಂದರೆ ಎಂಬಸಿಗೆ ಹೋಗಿ ವೋಟು ಹಾಕದೆ ಬಿಡುತ್ತಿರಲಿಲ್ಲ.

ಒಂದು ಸಲ ಅವರೇ ಹೇಳಿದರು, "ನಮ್ಮವರ ಕೈಯಲ್ಲಿ ಅಧಿಕಾರ ಇದ್ದಾಗ ಕರಿಯರಿಗೆ ವೋಟೇ ಕೊಡಲಿಲ್ಲ. ಘೋರ ಅನ್ಯಾಯ. ಅದನ್ನು ಮುಚ್ಚಿಟ್ಟು ನನ್ನ ಭಾಷೆ ಉಳಿಸಿ ಎಂದು ಕೇಳಿದರೆ ಯಾರು ಕೇಳುತ್ತಾರೆ?" ತನ್ನವರ ತಪ್ಪನ್ನು ಹೇಳಿಯೂ ತನ್ನವರನ್ನು ಬಿಟ್ಟುಕೊಡದ ಆ ಗಟ್ಟಿತನ ನನಗೆ ತುಂಬಾ ಹಿಡಿಸಿತ್ತು.

ಹಾಗೇ ಇನ್ನೊಂದು ಚುನಾವಣೆ ಬಂತು. ಆ ವರ್ಷ ಅವರಿಗೆ ಮಂಡಿ ನೋವು ಜೋರಾಗಿತ್ತು. "ನೀನು ಜೊತೆಗೆ ಬಾ. ಮುಂದಿನ ಚುನಾವಣೆಗೆ ನಾನಿರುತ್ತೇನೋ ಇಲ್ಲವೋ" ಎಂದರು. ನಿಮ್ಮಪ್ಪ ನಕ್ಕರು. "ಅಮ್ಮ, ನೀವು ಊರಲ್ಲಿ ಪಂಚಾಯತಿ ಓಟಿಗೇ ಹೆದರಿ ಹೋಗ್ತಾ ಇದ್ದದ್ದು. ಈಗ ಆಫ್ರಿಕಾದ ಓಟಿಗೆ ಎಂತಕ್ಕೆ ಮಾರಾಯ್ರೆ?" ಎಂದರೂ ಕಾರಿನಲ್ಲಿ ಬಿಡಲು ಒಪ್ಪಿದರು.

ವೋಟಿನ ಹಿಂದಿನ ದಿನ ಟೀಚರ್ ನಮ್ಮ ಅಡುಗೆಮನೆಗೆ ಬಂದಿದ್ದರು. ಕೊತ್ತಂಬರಿ ಸೀಯುತ್ತದೆ ಎಂದು ಗಡಿಬಿಡಿಯಲ್ಲಿ ಕಾದ ಬಾಣಲೆಯನ್ನು ಬರಿಗೈಯಲ್ಲಿ ಹಿಡಿದರು. ಎಡಗೈ ಹೆಬ್ಬೆರಳು ಸುಟ್ಟು ಬೊಬ್ಬೆ ಬಂತು. ನಮ್ಮ ಊರಿನ ಶಾಲೆಯಲ್ಲಿ ಬಿದ್ದ ಮಕ್ಕಳ ಮೊಣಕಾಲಿಗೆ ಹಚ್ಚುತ್ತಿದ್ದ ನೇರಳೆ ಔಷಧದ ಬಾಟಲಿ ನನ್ನ ಹತ್ತಿರ ಇತ್ತು. ಬೆರಳಿನಿಂದಲೇ ಧಾರಾಳವಾಗಿ ಸವರಿದೆ. ಅವರು ನನ್ನ ಕೆನ್ನೆ ತಟ್ಟಿ ಹೋದರು.

ಎಂಬಸಿಯಲ್ಲಿ ಉದ್ದ ಸಾಲು. ನಮ್ಮ ಹಿಂದೆ ಅವರದೇ ದೇಶದ ಕರಿಯ ಹೆಂಗಸು, ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಟೀಚರನ್ನು "ತಾನಿ" ಎಂದು ಕರೆದಳು. ಆಫ್ರಿಕಾನ್ಸಿನಲ್ಲಿ ಹಾಗೆಂದರೆ ಚಿಕ್ಕಮ್ಮ. "ಈ ಸಲವೂ ಆ ಸಣ್ಣ ಪಕ್ಷಕ್ಕೇನಾ, ತಾನಿ? ನಿಮ್ಮವರೆಲ್ಲ ಒಂದು ಟ್ಯಾಕ್ಸಿಯಲ್ಲಿ ಹಿಡಿಸುತ್ತೀರಲ್ಲ!"

"ಹಿಡಿಸುತ್ತೇವೆ ಮಗಳೇ. ಸ್ಟಿಯರಿಂಗ್ ಯಾರಿಗೆ ಎಂದು ಅದರಲ್ಲೂ ಜಗಳ" ಎಂದರು ಟೀಚರ್. ಇಬ್ಬರೂ ನಕ್ಕರು.

ಮೇಜಿನ ಹತ್ತಿರ ಬಂದಾಗ ಅಧಿಕಾರಿ ಎಡಗೈ ತೋರಿಸಲು ಹೇಳಿದರು. ಟೀಚರ್ ಹಿಂದೊಮ್ಮೆ ಹೇಳಿದ್ದು ಆಗ ನನಗೆ ನೆನಪಾಯಿತು. ಅವರ ದೇಶದಲ್ಲಿ ವೋಟು ಹಾಕಿದವರಿಗೆ ಶಾಯಿ ಹಚ್ಚುವುದು ಎಡಗೈ ಹೆಬ್ಬೆರಳಿಗೇ! ಟೀಚರ ಬೆರಳು ಉಗುರಿನಿಂದ ಬುಡದ ತನಕ ನೇರಳೆ.

"ನೀವು ಆಗಲೇ ವೋಟು ಹಾಕಿದ್ದೀರಾ?"

ಟೀಚರ ಮುಖ ಬಿಳಿಚಿತು. ಔಷಧ ಎಂದರು. ಅಧಿಕಾರಿ ತಲೆ ಅಲ್ಲಾಡಿಸಿ, ಮೇಲಿನವರನ್ನು ಕೇಳಬೇಕು, ಪಕ್ಕಕ್ಕೆ ನಿಲ್ಲಿ ಎಂದರು. ಅವರದು ತಪ್ಪಲ್ಲ, ಕೆಲಸವೇ ಅದು. ಆದರೆ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಟೀಚರ್ ಬೇಡಿಕೊಳ್ಳಲಿಲ್ಲ. ಊರುಗೋಲು ಹಿಡಿದು ನೆಟ್ಟಗೆ ನಿಂತರು. ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು...

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ. ನನ್ನ ಬಲಗೈ ತೋರುಬೆರಳನ್ನು ಎತ್ತಿ ಹಿಡಿದೆ. ಅದರ ತುದಿಯೂ ನೇರಳೆಯಾಗಿತ್ತು. "ಮೆಡಿಸಿನ್! ಐ ಪುಟ್. ಮೀ!" ಎಂದು ಅಷ್ಟು ಜನರ ಎದುರು ಕೂಗಿದೆ.

ಹಿಂದಿನಿಂದ ನರ್ಸ್ ಮುಂದೆ ಬಂದು ಟೀಚರ ಹೆಬ್ಬೆರಳನ್ನು ಬೆಳಕಿಗೆ ಹಿಡಿದಳು. "ನೋಡಿ, ಕೆಳಗೆ ಬೊಬ್ಬೆ. ಇದು ಸುಟ್ಟ ಗಾಯದ ಔಷಧ, ದಿನಾ ನೋಡುತ್ತೇನೆ. ನನ್ನಮ್ಮನಿಗೆ ವೋಟು ಸಿಕ್ಕಿದ್ದು ಮುದುಕಿಯಾದ ಮೇಲೆ. ಯಾರ ವೋಟೂ ಹಾಳಾಗುವುದು ಬೇಡ. ಆ ಟ್ಯಾಕ್ಸಿ ಪಕ್ಷದ್ದು ಕೂಡ. ಖಲಾಸ್, ಮಾತು ಸಾಕು, ಒಳಗೆ ಬಿಡಿ!"

ಅಧಿಕಾರಿ ನನ್ನ ಬೆರಳನ್ನೂ ಆ ಗಾಯವನ್ನೂ ನೋಡಿ ಒಳಗೆ ಹೋದರು. ನಗುತ್ತಾ ಹೊರಗೆ ಬಂದು, ಟೀಚರ ಬೇರೆ ಬೆರಳಿಗೆ ಶಾಯಿ ಹಚ್ಚಿ ಮತಪತ್ರ ಕೊಟ್ಟರು. ಟೀಚರ್ ವೋಟು ಹಾಕಿ ಬಂದು ಮೊದಲು ಆ ನರ್ಸನ್ನು ತಬ್ಬಿಕೊಂಡರು. ಏನು ಹೇಳಿದರೋ, ಅವರ ಭಾಷೆಯಲ್ಲಿ. ಇಬ್ಬರ ಕಣ್ಣೂ ಒದ್ದೆ.

ಫಲಿತಾಂಶ ಬಂದಾಗ ಅವರ ಪಕ್ಷಕ್ಕೆ ಸಿಕ್ಕಿದ್ದು ಕೆಲವೇ ಸೀಟು. "ಸಾಕು. ನನ್ನ ಭಾಷೆಯಲ್ಲಿ ಎದ್ದು ನಿಂತು ಮಾತನಾಡಲು ಅಲ್ಲಿ ಜನ ಇದ್ದಾರೆ" ಎಂದು ನಮ್ಮ ಮನೆಗೆಲ್ಲ ಕಾಫಿಯಲ್ಲಿ ಅದ್ದಿ ತಿನ್ನುವ ರಸ್ಕ್ ಹಂಚಿದರು.

ಆಮೇಲೆ ಕೆಲಸ ಮುಗಿಸಿ ಊರಿಗೆ ಹೋದರು. ಮತ್ತೊಂದು ಚುನಾವಣೆಗೆ ಅವರು ಉಳಿಯಲಿಲ್ಲ. ಅವರ ಮಗಳು ಫೋನ್ ಮಾಡಿ ತಿಳಿಸಿದಾಗ ನನ್ನ ಇಂಗ್ಲಿಷಿನಲ್ಲಿ ದುಃಖಕ್ಕೆ ಮಾತು ಇರಲಿಲ್ಲ. ಕನ್ನಡದಲ್ಲೇ ಹೇಳಿದೆ. ಆ ಕಡೆಯಿಂದ ಅವಳು ತನ್ನ ಭಾಷೆಯಲ್ಲಿ ಏನೋ ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ಮಾತನಾಡಿದೆವು...

ನೀವು ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೀರಿ, ನನಗೇನೂ ಬೇಸರವಿಲ್ಲ. ಆದರೂ ಇದನ್ನು ಕನ್ನಡದಲ್ಲೇ ಬರೆದಿದ್ದೇನೆ. ನನ್ನ ಜಾಗದಲ್ಲಿ ಟೀಚರ್ ಇದ್ದಿದ್ದರೂ ಹೀಗೆಯೇ ಮಾಡುತ್ತಿದ್ದರು.

ಎದುರು ಬಾಗಿಲ ಮುಂದೆ ಈಗ ಬೇರೆಯವರ ಚಪ್ಪಲಿ. ಪಕ್ಕಕ್ಕೆ ತೆಗೆದಿಟ್ಟ ಕೊತ್ತಂಬರಿಯನ್ನು ಮತ್ತೆ ಬಾಣಲೆಗೆ ಹಾಕಲು ಮನಸ್ಸಾಗಲಿಲ್ಲ. ಆ ನೇರಳೆ ಬಣ್ಣ ನನ್ನ ಬೆರಳಿನಿಂದ ಹೋಗಲು ಎಷ್ಟೋ ದಿನ ಹಿಡಿದಿತ್ತು. ನಾನೂ ತಿಕ್ಕಿ ತೊಳೆಯಲಿಲ್ಲ.